ಸೀರೆ: ಒಂದು ಶಬ್ದವಿಚಾರ

೧

ದಿನವೂ ಹತ್ತಾರು ಸಲ ನಾಲಗೆಯ ಮೇಲೆ ಓಡಾಡುವ ಶಬ್ದಗಳ ವಿಷಯದಲ್ಲಿಯೇ ನಾವು ಅತ್ಯಲ್ಪವಾಗಿ ವಿಚಾರಮಾಡುವೆವು. ಕಾವ್ಯವನ್ನೋದುವಾಗ ಅಪೂರ್ವವಾದ ಪದವೊಂದು ಎದುರಾದರೆ ಕೋಶವನ್ನು ತೆರೆಯುವೆವು, ವ್ಯಾಖ್ಯಾನವನ್ನು ನೋಡುವೆವು, ಬಲ್ಲವರನ್ನು ಕೇಳುವೆವು. ಆದರೆ ಅರಿವೆ, ಸೀರೆ, ಸೆರಗು, ಮಡಿ, ಉಡಿ ಎಂಬಿವನ್ನು ಕೋಶದಲ್ಲಿ ಹುಡುಕಿದವರು ಎಷ್ಟು ಮಂದಿ? ಈ ಲೇಖನದಲ್ಲಿ ಅವುಗಳೊಳಗೆ ಒಂದಾದ ‘ಸೀರೆ’ ಎಂಬ ಶಬ್ದವನ್ನು ಎತ್ತಿಕೊಂಡು, ಅದರ ಮೂಲವೇನು, ಅದರ ಅರ್ಥವು ಹೇಗೆ ನಡೆದುಬಂದಿತು, ಈ ವಿಚಾರದಿಂದ ನಮಗಾಗುವ ಪ್ರಯೋಜನವೇನು ಎಂಬುದನ್ನು ವಾಚಕರ ಮುಂದಿಡಲು ಯತ್ನಿಸುವೆನು.

ಇದಕ್ಕೆ ಪ್ರೇರಣೆಯಾದುದು ನನ್ನದೇ ಒಂದು ತಪ್ಪು. ಅದನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯ. ನಾನು ಪಾಠಹೇಳುತ್ತಿದ್ದ ಕಾಲದಲ್ಲಿ ತದ್ಭವಗಳ ಪ್ರಕರಣ ಬಂದಾಗಲೆಲ್ಲ, ಸಂಸ್ಕೃತದ ‘ಶಾಟೀ’ ಶಬ್ದವೇ ಕನ್ನಡದಲ್ಲಿ ‘ಸೀರೆ’ಯಾಗಿದೆಯೆಂದು ಹಲಗೆಯ ಮೇಲೆ ಬರೆದು ಮಕ್ಕಳಿಂದಲೂ ಬರೆಯಿಸುತ್ತಿದ್ದೆನು. ನನ್ನ ಗುರುಗಳು ಹಾಗೆ ಹೇಳಿಕೊಟ್ಟಿರಲಿಲ್ಲ. ಎಲ್ಲಿಯೋ ಕೇಳಿದ್ದೆನು, ಕೇಳಿದುದು ಸರಿಯೆಂದು ತೋರಿತು. ಒಂದು ದಿನ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದುನಿಂತು, “ಮೇಷ್ಟ್ರೇ, ಕಟಕ ಎಂಬುದು ಕಡಗವಾಯಿತೆಂದು ನಿನ್ನೆ ಹೇಳಿದಿರಿ. ಹಾಗಾದರೆ ಶಾಟೀ ಎಂಬುದು ಸಾಡಿಯಾಗಬೇಕಲ್ಲವೆ? ಸೀರೆ ಹೇಗಾಯಿತು?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದ ಉಪಾಧ್ಯಾಯನು ಮಾಡುವುದನ್ನೇ ನಾನೂ ಮಾಡಿದೆನು: “ಹೇಳಿದಷ್ಟನ್ನು ಬರೆದುಕೋ” ಎಂದು ಗದರಿಸಿ ಕೂರಿಸಿದೆನು. ವಿಶ್ರಾಂತನಾದ ಮೇಲೆ ಪುಸ್ತಕಗಳನ್ನು ಮತ್ತೆ ತಿರುವಿಹಾಕಲು ಬಿಡುವಾದಾಗ ಆ ಪ್ರಶ್ನೆಯೇ ಮೊದಲು ನೆನಪಿಗೆ ಬಂದಿತು. ಆಕೆಗೆ ಅಂದು ಸಲ್ಲಬೇಕಾಗಿದ್ದ ಉತ್ತರವನ್ನು ಇಂದು ಬರೆಯುತ್ತಿರುವೆನು.

೨

ಯಾವ ಪಕ್ಷವನ್ನೇ ಆಗಲಿ ಖಂಡಿಸುವ ಮೊದಲು ಅದನ್ನು ಅದರ ಪೂರ್ಣಬಲದೊಡನೆ ಹೇಳಬೇಕೆಂಬುದು ನಮ್ಮ ಶಾಸ್ತ್ರಗಳ ಮರ್ಯಾದೆ. ಶಾಟೀಪಕ್ಷಕ್ಕೆ ಬಲವಿಲ್ಲದೆ ಇಲ್ಲ. ಶಾಟಕ, ಶಾಟೀ, ಶಾಟಿಕಾ ಎಂಬ ಶಬ್ದಗಳು ಬಹು ಪ್ರಾಚೀನವಾದುವು. ವ್ಯಾಕರಣವನ್ನೋದಿದವರೆಲ್ಲರಿಗೂ ಮಹಾಭಾಷ್ಯದ ನೇಕಾರನು ಪರಿಚಿತನು. ಒಬ್ಬನು ನೂಲನ್ನು ಅವನ ಕೈಗೆ ಕೊಟ್ಟು, ಇದರಿಂದ ಶಾಟಕವನ್ನು ನೇಯಿ ಎನ್ನುವನು. ನೇಕಾರನು ಯೋಚನೆಗೆ ಬೀಳುವನು: ಇದು ಆಗಲೇ ಶಾಟಕವಾಗಿದ್ದರೆ ನೇಯಬೇಕಾದುದಿಲ್ಲ, ನೇಯಬೇಕಾಗಿದ್ದರೆ ಇನ್ನೂ ಶಾಟಕವಾಗಿಲ್ಲ. ಕಡೆಗೆ, ನೇಯ್ದ ಮೇಲೆ ಯಾವುದಕ್ಕೆ ಶಾಟಕವೆಂಬ ಹೆಸರು ಬರುವುದೋ ಅದನ್ನು ನೇಯಬೇಕೆಂಬುದೇ ಹೇಳಿದವನ ಅಭಿಪ್ರಾಯವೆಂದು ನಿಶ್ಚಯಿಸುವನು. ಮುಂದೆ ಬರಲಿರುವ ಹೆಸರನ್ನು ಈಗಲೇ ಬಳಸುವುದಕ್ಕೆ, ಎಂದರೆ ಭಾವಿಸಂಜ್ಞೆಗೆ, ಪತಂಜಲಿಯು ಕೊಟ್ಟ ದೃಷ್ಟಾಂತವಿದು. ಇದರಿಂದ, ಎರಡು ಸಾವಿರ ವರ್ಷಗಳ ಹಿಂದೆಯೇ ಶಾಟಕವು ಮಗ್ಗದಿಂದ ಇಳಿಯುವ ಬಟ್ಟೆಗೆ ಮನೆಮಾತಾದ ಹೆಸರಾಗಿದ್ದಿತೆಂಬುದು ಸ್ಪಷ್ಟ.

ಬೌದ್ಧರ ಪಾಲಿಗ್ರಂಥಗಳಲ್ಲಿ ಇದೇ ಶಬ್ದವು ಸಾಟಕ, ಸಾಟಿಕಾ ಎಂದು ಬರುವುದು. ವಿನಯಪಿಟಕದ ಮಹಾವಗ್ಗದಲ್ಲಿ ವಿಶಾಖೆಯೆಂಬ ಉಪಾಸಿಕೆಯು ಭಿಕ್ಷುಗಳಿಗೆ ಮಳೆಗಾಲದ ಸ್ನಾನವಸ್ತ್ರವನ್ನು ಕೊಡಲು ಭಗವಾನ್ ಬುದ್ಧನ ಅಪ್ಪಣೆಯನ್ನು ಬೇಡುವಳು. ಆ ವಸ್ತ್ರದ ಹೆಸರು ವಸ್ಸಿಕಸಾಟಿಕಾ. ಪ್ರಾಕೃತದಲ್ಲಿ ಟಕಾರವು ಡಕಾರವಾಗಿ ಸಾಡೀ ಎಂದಾಯಿತು. ಮರಾಠಿಯಲ್ಲಿ ಸಾಡೀ ಎಂದೇ ಉಳಿದಿದೆ. ಹಿಂದಿಯಲ್ಲಿ ಆ ಡಕಾರವು ನಾಲಗೆಯನ್ನು ಮೇಲಕ್ಕೆ ಮಡಿಸಿ ಒಮ್ಮೆಗೇ ಬಡಿದು ಹೇಳುವ, ಅರ್ಧ ರಕಾರದಂತೆ ಕೇಳುವ ಧ್ವನಿಯಾಯಿತು. ಇಂಗ್ಲಿಷಿನವರ ಕಿವಿಗೆ ಅದು ರಕಾರವಾಗಿಯೇ ಕೇಳಿಸಿ, ಅವರು ‘ಸಾರಿ’ ಎಂದು ಬರೆದುಕೊಂಡರು. ಆ ಇಂಗ್ಲಿಷಿನ ಮಾತೇ ತಿರುಗಿ ನಮ್ಮ ಪೇಟೆಗಳಿಗೆ ಬಂದು ‘ಸ್ಯಾರಿ’ ಎಂದು ಅಂಗಡಿಗಳ ಫಲಕಗಳ ಮೇಲೆ ಕುಳಿತಿದೆ.

ಈಗ ಶಾಟೀಪಕ್ಷದವರು ಹೇಳುವುದೇನೆಂದರೆ: ವಸ್ತುವು ಒಂದೇ, ಉಡುವವರೂ ಒಂದೇ ಬಗೆಯವರು, ಅತ್ತ ಸಾರಿ, ಇತ್ತ ಸೀರೆ, ಸಕಾರವೂ ರಕಾರವೂ ಎರಡರಲ್ಲಿಯೂ ಇವೆ, ಆದುದರಿಂದ ಇವೆರಡೂ ಒಂದೇ ತಾಯಿಯ ಮಕ್ಕಳು. ಕೇಳಿದೊಡನೆ ಒಪ್ಪಿಗೆಯಾಗುವ ಮಾತು. ನಾನು ಮೋಸಹೋದುದೂ ಇಲ್ಲಿಯೇ.

೩

ದೋಷವಿರುವುದು ಆ ರಕಾರದಲ್ಲಿ. ‘ಸಾರಿ’ಯ ರಕಾರವು ಟಕಾರದ ಮೊಮ್ಮಗ, ಟಕಾರವು ಡಕಾರವಾಗಿ, ಆ ಡಕಾರವು ಹಿಂದಿಯ ಬಾಯಿಯಲ್ಲಿ ಮೃದುವಾಗಿ, ಇಂಗ್ಲಿಷಿನ ಕಿವಿಯಲ್ಲಿ ರಕಾರವಾಯಿತು. ‘ಸೀರೆ’ಯ ರಕಾರವಾದರೋ ಮೊದಲಿನಿಂದಲೂ ರಕಾರವೇ. ಇಂಗ್ಲಿಷಿನವರು ಈ ದೇಶಕ್ಕೆ ಕಾಲಿಡುವುದಕ್ಕೆ ಶತಮಾನಗಳ ಮೊದಲೇ ಕನ್ನಡದ ಗ್ರಂಥಗಳಲ್ಲಿ ಸೀರೆಯು ಸೀರೆಯಾಗಿಯೇ ಇದೆ. ಹೀಗೆ, ಯಾವ ಸಾದೃಶ್ಯವನ್ನು ಆಧಾರವಾಗಿ ಹೇಳುವರೋ ಅದು ಇತ್ತೀಚಿನದು, ಆಕಸ್ಮಿಕವಾದುದು. ಜಾತ್ರೆಯಲ್ಲಿ ಒಂದೇ ಬಣ್ಣದ ಅಂಗಿ ತೊಟ್ಟ ಇಬ್ಬರನ್ನು ಕಂಡು ಅಣ್ಣತಮ್ಮಂದಿರೆಂದು ಹೇಳಿದಂತಾಯಿತು.

ಇನ್ನು ತದ್ಭವದ ನಿಯಮಗಳನ್ನು ನೋಡೋಣ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅಪಭ್ರಂಶಕ್ಕೆಂದು ಒಂದು ಪ್ರಕರಣವನ್ನೇ ಇರಿಸಿರುವನು. ಸಂಸ್ಕೃತಶಬ್ದಗಳು ಕನ್ನಡಕ್ಕೆ ಬರುವಾಗ ಮನಬಂದಂತೆ ಬಾರವು, ಒಂದು ಕ್ರಮವನ್ನು ಅನುಸರಿಸಿ ಬರುವುವು ಎಂಬುದು ಅದರಿಂದ ತಿಳಿಯುವುದು. ಶಕಾರವು ಸಕಾರವಾಗುವುದು ಸರಿಯೇ. ಶಾಣವು ಸಾಣೆಯಾಯಿತು, ಶಾಲೆಯು ಸಾಲೆಯಾಯಿತು. ಆದರೆ ಅಲ್ಲೆಲ್ಲ ಆಕಾರವು ಆಕಾರವಾಗಿಯೇ ಉಳಿದಿರುವುದನ್ನು ಗಮನಿಸಬೇಕು. ಶಾಟೀ ಶಬ್ದದ ಆಕಾರವು ಈಕಾರವಾಗುವುದಕ್ಕೆ ಕಾರಣವನ್ನು ಯಾರೂ ಹೇಳಲಾರರು. ಟಕಾರವು ಕಟಕ–ಕಡಗಗಳಲ್ಲಿರುವಂತೆ ಡಕಾರವಾಗಬಹುದು, ಘಟಿಕಾ–ಗಳಿಗೆಗಳಲ್ಲಿರುವಂತೆ ಳಕಾರವಾಗಬಹುದು. ಇಲ್ಲಿ ರಕಾರವಾಗುವುದಕ್ಕೆ ದಾರಿಯಿಲ್ಲ. ಶಾಟೀ ಎಂಬುದು ಕನ್ನಡಕ್ಕೆ ಬಂದಿದ್ದರೆ ಆ ಹುಡುಗಿ ಹೇಳಿದಂತೆ ಸಾಡಿಯಾಗಿ ಬರುತ್ತಿದ್ದಿತು. ಶಾಟಿಕಾ ಬಂದಿದ್ದರೆ ಸಾಡಿಗೆಯಾಗುತ್ತಿದ್ದಿತು. ಆಕೆ ಕೇಳಿದ ಪ್ರಶ್ನೆಯೇ ಪೂರ್ವಪಕ್ಷಕ್ಕೆ ಸಾಕಾದ ಖಂಡನೆ.

ಹಾಗಾದರೆ ಸೀರೆಯ ಬಂಧು ಯಾವುದು? ಸಂಸ್ಕೃತದಲ್ಲಿಯೇ ಇರುವ ‘ಚೀರ’ ಎಂಬ ಶಬ್ದ. ಪದಾದಿಯ ಚವರ್ಗದ ಅಕ್ಷರವು ಕನ್ನಡದಲ್ಲಿ ಸಕಾರವಾಗುವುದಕ್ಕೆ ಛುರಿಕಾ–ಸುರಿಗೆ, ಚರ್ಮಕಾರ–ಸಮ್ಮಗಾರ ಎಂಬುವು ಉದಾಹರಣೆಗಳು. ಈಕಾರಕ್ಕೆ ಈಕಾರ, ರಕಾರಕ್ಕೆ ರಕಾರ; ಶಾಣವು ಸಾಣೆಯಾದಂತೆಯೇ ಕೊನೆಯ ಅಕಾರವು ಎಕಾರವಾಯಿತು. ಎಲ್ಲಿಯೂ ಎಳೆದಾಡಬೇಕಾಗಿಲ್ಲ.

ನೆರೆಯ ಭಾಷೆಗಳನ್ನು ಕೇಳಿದರೂ ಇದೇ ಸಾಕ್ಷ್ಯ. ತೆಲುಗಿನಲ್ಲಿ ಸೀರೆಗೆ ಚೀರ ಎಂದೇ ಹೆಸರು. ತೆಲುಗಿನ ಪದಾದಿಯ ಚಕಾರಕ್ಕೆ ಕನ್ನಡದಲ್ಲಿ ಸಕಾರವಿರುವುದು ಸಾಮಾನ್ಯ. ಅವರ ಚಾವು ನಮ್ಮ ಸಾವು, ಅವರ ಚಿಕ್ಕು ನಮ್ಮ ಸಿಕ್ಕು, ಅವರ ಚುಟ್ಟು ನಮ್ಮ ಸುತ್ತು. ಹಾಗೆಯೇ ಅವರ ಚೀರ ನಮ್ಮ ಸೀರೆ. ತಮಿಳಿನಲ್ಲಿ ಚೀರೈ ಎಂಬ ಶಬ್ದವುಂಟು. ಅದಕ್ಕೆ ಬಟ್ಟೆಯೆಂದೂ ಮರದ ತೊಗಟೆಯೆಂದೂ ಎರಡರ್ಥ. ಈ ತೊಗಟೆಯ ಅರ್ಥವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥಿಸುವೆನು.

೪

ಸಂಸ್ಕೃತದಲ್ಲಿ ಚೀರವೆಂದರೆ ಏನು? ಉದ್ದನೆಯ ಪಟ್ಟಿ, ಹರಿದ ಬಟ್ಟೆಯ ತುಂಡು, ತಪಸ್ವಿಗಳು ಉಡುವ ನಾರುಬಟ್ಟೆ. ಭಾಗವತದ ದ್ವಿತೀಯಸ್ಕಂಧದಲ್ಲಿ ಶುಕಮುನಿಯು ವಿರಕ್ತನಾದವನು ಧನಮದಾಂಧರನ್ನು ಏಕೆ ಆಶ್ರಯಿಸಬೇಕೆಂದು ಕೇಳುತ್ತ, ದಾರಿಯಲ್ಲಿ ಚೀರಗಳು ಬಿದ್ದಿಲ್ಲವೆ ಎನ್ನುವನು. ಅಲ್ಲಿ ಚೀರವು ಬಿಸುಟ ಚಿಂದಿ. ಅದಕ್ಕಿಂತ ಕೀಳಾದ ಬಟ್ಟೆ ಬೇರೊಂದಿಲ್ಲ.

ರಾಮಾಯಣದ ಅಯೋಧ್ಯಾಕಾಂಡದಲ್ಲಿ ಈ ಶಬ್ದವು ಬರುವ ಸಂದರ್ಭವು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ವನವಾಸಕ್ಕೆ ಹೊರಟವರಿಗಾಗಿ ಕೈಕೇಯಿಯು ತಾನೇ ಚೀರಗಳನ್ನು ತಂದು, ನಾಚಿಕೆಯಿಲ್ಲದೆ, ಎಲ್ಲರೆದುರಿನಲ್ಲಿ ಕೊಡುವಳು. ರಾಮನು ತನ್ನ ನವುರಾದ ವಸ್ತ್ರಗಳನ್ನು ಕಳೆದು ಅವನ್ನು ಉಡುವನು, ಲಕ್ಷ್ಮಣನೂ ಉಡುವನು. ಸೀತೆಯು ಪಟ್ಟೆಯನ್ನುಟ್ಟಿರುವಳು. ಬಲೆಯನ್ನು ಕಂಡ ಹೆಣ್ಣುಜಿಂಕೆಯಂತೆ ಆ ಚೀರವನ್ನು ಕಂಡು ಬೆದರುವಳು. ವನವಾಸಿಗಳಾದ ಮುನಿಗಳು ಇದನ್ನು ಹೇಗೆ ಕಟ್ಟಿಕೊಳ್ಳುವರೆಂದು ಗಂಡನನ್ನು ಕೇಳುವಳು. ಒಂದನ್ನು ಕೊರಳಿಗೆ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಉಡುವುದನ್ನರಿಯದೆ ನಾಚಿ ನಿಂತುಬಿಡುವಳು. ಆಗ ರಾಮನು ಬೇಗನೆ ಬಂದು, ಆಕೆ ಉಟ್ಟಿದ್ದ ಪಟ್ಟೆಯ ಮೇಲೆಯೇ ಚೀರವನ್ನು ತನ್ನ ಕೈಯಿಂದ ಕಟ್ಟುವನು. ಅದನ್ನು ಕಂಡು ಅಂತಃಪುರದ ಸ್ತ್ರೀಯರೆಲ್ಲರೂ ಕಣ್ಣೀರಿಡುವರು. ವಸಿಷ್ಠರು ಕೈಕೇಯಿಯನ್ನು ಕಟುವಾಗಿ ನಿಂದಿಸುವರು.

ಆದಿಕವಿಯ ಈ ಪ್ರಸಂಗದಲ್ಲಿ ಎರಡು ಸಂಗತಿಗಳು ಗಮನಾರ್ಹವಾದುವು. ಒಂದನೆಯದು, ಚೀರವು ಗಂಡಸರೂ ಹೆಂಗಸರೂ ಉಡುವ ಬಟ್ಟೆಯಾಗಿರುವುದು. ಎರಡನೆಯದು, ಅದು ಅವಮಾನದ ಗುರುತಾಗಿರುವುದು. ಯಾವ ಹೆಸರಿನ ಬಟ್ಟೆಯನ್ನು ಜನಕನ ಮಗಳಿಗೆ ಕೊಟ್ಟರೆಂದು ಅಯೋಧ್ಯೆಯು ಅತ್ತಿತೋ, ಆ ಹೆಸರಿನ ಬಟ್ಟೆಯನ್ನೇ ಇಂದು ಕನ್ನಡನಾಡಿನಲ್ಲಿ ಮದುವಣಗಿತ್ತಿಗೆ ಧಾರೆಯ ಹೊತ್ತಿನಲ್ಲಿ ಉಡಿಸುವರು, ಗೌರಿಯ ಹಬ್ಬಕ್ಕೆ ತವರಿನಿಂದ ಕಳುಹಿಸುವರು, ದೇವಿಯ ವಿಗ್ರಹಕ್ಕೆ ಅರ್ಪಿಸುವರು. ಚಿಂದಿಯ ಹೆಸರು ಮಂಗಳವಸ್ತ್ರದ ಹೆಸರಾಯಿತು.

ಇಲ್ಲಿ ಒಂದು ಆಕ್ಷೇಪವುಂಟಾಗಬಹುದು. ಅರ್ಥಗಳು ಇಷ್ಟು ದೂರವಾಗಿರುವಾಗ ಶಬ್ದವು ಒಂದೇ ಎಂದು ಹೇಗೆ ಹೇಳುವುದು? ಇದಕ್ಕೆ ಅಲಂಕಾರಶಾಸ್ತ್ರದವರು ಉತ್ತರವನ್ನು ಬಹುಕಾಲದ ಹಿಂದೆಯೇ ಕೊಟ್ಟಿರುವರು. ಕುಶಲ ಎಂದರೆ ಅವಯವಾರ್ಥದಲ್ಲಿ ದರ್ಭೆಯನ್ನು ತರುವವನು. ಇಂದು ಅದು ಯಾವ ಕೆಲಸದಲ್ಲಾದರೂ ನಿಪುಣನಾದವನಿಗೆ ಹೆಸರು. ಪ್ರವೀಣ ಎಂದರೆ ವೀಣೆಯಲ್ಲಿ ಪಳಗಿದವನು. ಇಂದು ವೀಣೆಯನ್ನೇ ಕಾಣದವನೂ ಗಣಿತದಲ್ಲಿ ಪ್ರವೀಣನಾಗಬಹುದು. ರೂಢಿಯು ಬಲವಾದಾಗ ಅವಯವಾರ್ಥವು ಹಿಂದೆ ಸರಿಯುವುದು. ಹೀಗಿರುವಲ್ಲಿ ಸೀರೆಗೆ ಹರುಕು ಎಂಬ ಮೂಲಾರ್ಥವನ್ನು ಹೇಳಿದರೆ ಸೀರೆಗಾಗಲಿ ಅದನ್ನುಡುವವರಿಗಾಗಲಿ ಅಗೌರವವೇನೂ ಇಲ್ಲ.

೫

ಇನ್ನು ಒಂದು ಹೆಜ್ಜೆ ಹಿಂದಕ್ಕೆ ಹೋಗೋಣ. ಚೀರ ಶಬ್ದಕ್ಕೇ ಮೂಲವೇನು? ಉಣಾದಿಪ್ರಕರಣದವರು ಕೂಡಿಸುವುದೆಂಬರ್ಥದ ‘ಚಿ’ ಧಾತುವಿನಿಂದ, ಸ್ವರವನ್ನು ದೀರ್ಘಮಾಡಿ ಇದನ್ನು ಸಾಧಿಸುವರು. ಉಣಾದಿಗಳನ್ನು ಬಾಲ್ಯದಲ್ಲಿ ಕಂಠಪಾಠಮಾಡಿದವನಾದುದರಿಂದ ಅವುಗಳ ಮೇಲೆ ನನಗೆ ಮಮತೆಯುಂಟು. ಆದರೆ ಚೂರಾದುದಕ್ಕೆ, ಸೀಳಿದುದಕ್ಕೆ, ಹರಿದುದಕ್ಕೆ ಇರುವ ಹೆಸರನ್ನು ಕೂಡಿಸುವ ಧಾತುವಿನಿಂದ ತರುವುದು ಮನಸ್ಸಿಗೆ ಒಪ್ಪುವುದಿಲ್ಲ. ಎಲ್ಲ ನಾಮಗಳೂ ಧಾತುಗಳಿಂದಲೇ ಹುಟ್ಟಿದುವೆಂದು ಶಾಕಟಾಯನನು ಹೇಳಿದಾಗ, ಎಲ್ಲವೂ ಹಾಗಲ್ಲವೆಂದು ಗಾರ್ಗ್ಯನು ವಾದಿಸಿದುದನ್ನು ಯಾಸ್ಕನೇ ನಿರುಕ್ತದಲ್ಲಿ ಹೇಳಿರುವನು. ಒಂದು ಭಾಷೆಯ ಶಬ್ದಗಳೆಲ್ಲವೂ ಅದೇ ಭಾಷೆಯ ಧಾತುಗಳಿಂದ ಸಾಧ್ಯವಾಗಲೇಬೇಕೆಂಬ ಹಟವನ್ನು ಬಿಟ್ಟರೆ ದಾರಿ ಸುಗಮವಾಗುವುದು.

ತೆಲುಗಿನಲ್ಲಿ ಚೀರು ಎಂದರೆ ಗೀರು, ಹರಿ ಎಂದರ್ಥ. ಚೀಲು ಎಂದರೆ ಸೀಳಿಹೋಗು. ತಮಿಳಿನಲ್ಲಿ ಕೀಱು ಎಂದರೆ ಗೀರು, ಸೀಳು. ಕನ್ನಡದ ಸೀಳು, ಗೀರುಗಳನ್ನು ಎಲ್ಲರೂ ಬಲ್ಲರು. ಮರದಿಂದ ಸೀಳಿ ತೆಗೆದ ತೊಗಟೆಯ ಪಟ್ಟಿ, ಹಾಸಿನಿಂದ ಹರಿದು ತೆಗೆದ ಬಟ್ಟೆಯ ಪಟ್ಟಿ, ಇವೆರಡಕ್ಕೂ ಒಂದೇ ಹೆಸರು ಸಲ್ಲುವುದು ಈ ಧಾತುಗಳ ಬಳಿಯಲ್ಲಿ ಮಾತ್ರ ಸಹಜ. ತಮಿಳಿನ ಚೀರೈಗೆ ಬಟ್ಟೆ, ತೊಗಟೆ ಎಂಬ ಎರಡರ್ಥಗಳಿರುವುದೇಕೆಂಬುದೂ ಆಗ ತಾನಾಗಿಯೇ ತಿಳಿಯುವುದು.

ಈ ಊಹೆಗೆ ಬಲಕೊಡುವ ಇನ್ನೊಂದು ಶಬ್ದವು ನಮ್ಮ ಮನೆಯಲ್ಲಿಯೇ ಇದೆ. ಅದು ‘ಅರಿವೆ’. ಇದರ ಹಳೆಯ ರೂಪ ಅಱುವೆ; ತಮಿಳಿನಲ್ಲಿ ಅಱುವೈ. ಅಱು ಎಂದರೆ ಕತ್ತರಿಸಿಹೋಗು, ತುಂಡಾಗು. ತಮಿಳರು ಬಟ್ಟೆಗೆ ಇಂದು ಹೇಳುವ ತುಣಿ ಎಂಬ ಮಾತಿಗೂ ತುಂಡರಿಸು ಎಂಬುದೇ ಮೂಲಾರ್ಥ. ಹೀಗೆ ದಕ್ಷಿಣದ ಭಾಷೆಗಳಲ್ಲಿ ಬಟ್ಟೆಯೆಂಬುದು ಕತ್ತರಿಸಿ ತೆಗೆದುದು. ಇದು ವಿಚಿತ್ರವಲ್ಲ. ಮಗ್ಗದ ಮೇಲಿರುವ ತನಕ ಅದು ಹಾಸು ಮತ್ತು ಹೊಕ್ಕು. ಕತ್ತರಿಸಿ ಇಳಿಸಿದ ಮೇಲೆಯೇ ಅರಿವೆ. ಪತಂಜಲಿಯ ನೇಕಾರನ ಚಿಂತೆಗೆ, ನಮ್ಮ ನೇಕಾರನು ಕೇವಲ ಒಂದು ಹೆಸರಿನಿಂದಲೇ ಪರಿಹಾರ ಹೇಳಿದ್ದಾನೆಂದು ತೋರುವುದು.

ಸಂಸ್ಕೃತವು ದ್ರಾವಿಡ ಭಾಷೆಗಳಿಂದ ಶಬ್ದಗಳನ್ನು ಪಡೆಯಿತೆಂಬುದನ್ನು ಕೇಳಿ ನನ್ನಂತೆ ಪಾಠಶಾಲೆಯಲ್ಲಿ ಓದಿದವರು ಮೊದಲು ಬೆಚ್ಚುವರು. ಆದರೆ ನೀರ, ಮೀನ ಎಂಬ ಶಬ್ದಗಳ ವಿಷಯದಲ್ಲಿ ವಿದ್ವಾಂಸರು ಇದನ್ನು ಬಹುಮಟ್ಟಿಗೆ ಒಪ್ಪಿರುವರು. ಕಿಟ್ಟಲರು ೧೮೯೪ರಲ್ಲಿ ಪ್ರಕಟಿಸಿದ ತಮ್ಮ ಮಹಾಕೋಶದ ಪೀಠಿಕೆಯಲ್ಲಿಯೇ ಇಂತಹ ಶಬ್ದಗಳ ದೀರ್ಘವಾದ ಪಟ್ಟಿಯನ್ನು ಕೊಟ್ಟಿರುವರು. ಅಂದಿನಿಂದ ಈ ವಿಚಾರವು ಬಹುದೂರ ಬೆಳೆದು, ಬರೋ ಮತ್ತು ಎಮೆನೋ ಎಂಬ ವಿದ್ವಾಂಸರ ದ್ರಾವಿಡ ವ್ಯುತ್ಪತ್ತಿಕೋಶವು ೧೯೬೧ರಲ್ಲಿಯೂ ಅದರ ಪರಿಷ್ಕೃತ ಮುದ್ರಣವು ೧೯೮೪ರಲ್ಲಿಯೂ ಹೊರಬಂದುವು. ದೊಡ್ಡ ಮನೆಯವರು ನೆರೆಮನೆಯಿಂದ ಹೆಪ್ಪಿಗೆ ಮಜ್ಜಿಗೆ ತಂದರೆ ಅವರ ದೊಡ್ಡತನಕ್ಕೆ ಕುಂದೇನು? ಸಂಸ್ಕೃತದಿಂದ ಕನ್ನಡವು ಪಡೆದುದು ಅಪಾರ. ಹಿಂದಕ್ಕೆ ಕೊಟ್ಟುದು ಅಲ್ಪವಾದರೂ ಸುಳ್ಳಲ್ಲ.

ಆದರೂ ಒಂದನ್ನು ಬೇರ್ಪಡಿಸಿ ಹೇಳಬೇಕು. ಸೀರೆಯೂ ಚೀರವೂ ಒಂದೇ ಶಬ್ದವೆಂಬುದು ಸಿದ್ಧಾಂತ. ಅದು ಇತ್ತಣಿಂದ ಅತ್ತ ಹೋಯಿತೆಂಬುದು ನನಗೆ ಯುಕ್ತವಾಗಿ ತೋರುವ ಪಕ್ಷ. ಅತ್ತಣಿಂದ ಇತ್ತ ಬಂದಿತೆಂದು ಹೇಳಿ ಸೀರೆಯನ್ನು ತದ್ಭವಗಳ ಪಟ್ಟಿಯಲ್ಲಿಯೇ ಇರಿಸುವವರೊಡನೆ ನನಗೆ ಜಗಳವಿಲ್ಲ. ಚೀರದ ಎದುರಿಗೆ ಇರಿಸಲಿ, ಶಾಟಿಯ ಎದುರಿಗೆ ಮಾತ್ರ ಬೇಡ.

೬

ಸೀರೆಯು ಹೆಂಗಸರ ಉಡುಗೆಯೆಂದು ಇಂದು ಮಕ್ಕಳಿಗೂ ಗೊತ್ತು. ಹಿಂದೆ ಹೀಗಿರಲಿಲ್ಲ. ಹಳೆಯ ಕನ್ನಡದಲ್ಲಿ ಸೀರೆಯೆಂದರೆ ಸಾಮಾನ್ಯವಾಗಿ ವಸ್ತ್ರ. ಬಸವಣ್ಣನವರು ಇಂದಿಗೆ ನಾಳೆಗೆಂದು ತಮಗಾಗಿ ಏನನ್ನೂ ಬಯಸೆನೆಂದು ಆಣೆಯಿಟ್ಟು ಹೇಳುವ ಪ್ರಸಿದ್ಧ ವಚ‌ನದಲ್ಲಿ ಹೊನ್ನು, ಸೀರೆ, ಅನ್ನ ಈ ಮೂರನ್ನು ಒಟ್ಟಿಗೆ ಎಣಿಸಿರುವರು. ಅಲ್ಲಿ ಹೆಂಗಸರ ಉಡುಗೆಯ ಪ್ರಸಕ್ತಿಯೇ ಇಲ್ಲ. ಮನುಷ್ಯನು ಬದುಕಲು ಬೇಕಾದ ಧನ, ವಸ್ತ್ರ, ಆಹಾರಗಳೇ ಅಲ್ಲಿ ವಿವಕ್ಷಿತವಾಗಿರುವುವು. ತೆಲುಗಿನವರು ಇಂದಿಗೂ ಶ್ರೀರಾಮನು ನಾರಚೀರಗಳನ್ನು ಉಟ್ಟನೆಂದೇ ಹೇಳುವರು. ಗಂಡಸಿಗೆ ಚೀರವೆಂತೆಂದು ಅವರಲ್ಲಿ ಯಾರೂ ನಗುವುದಿಲ್ಲ. ನಾವು ಅದನ್ನೇ ನಾರುಮಡಿ ಎನ್ನುವೆವು. ಶಾಟಕದ ಗತಿಯೂ ಇದೇ. ವಿಶಾಖೆಯು ಕೊಟ್ಟ ಸಾಟಿಕೆಯನ್ನು ಉಟ್ಟವರು ಭಿಕ್ಷುಗಳು. ಮಹಾಭಾರತದ ಸಭಾಪರ್ವದಲ್ಲಿ ಕರ್ಣನು ಪಾಂಡವರ ಬಟ್ಟೆಯನ್ನೂ ದ್ರೌಪದಿಯ ಬಟ್ಟೆಯನ್ನೂ ಸೆಳೆಯಲು ಹೇಳುವಾಗ ಇಬ್ಬರಿಗೂ ವ್ಯಾಸರು ಬಳಸಿದ ಶಬ್ದ ಒಂದೇ, ವಾಸಸ್ಸು. ಅವನ ಮಾತನ್ನು ಕೇಳಿದೊಡನೆ ಪಾಂಡವರು ತಮ್ಮ ಉತ್ತರೀಯಗಳನ್ನು ತಾವೇ ತೆಗೆದಿಡುವರು, ದ್ರೌಪದಿಯಾದರೋ ಏಕವಸ್ತ್ರೆಯಾಗಿರುವಳು. ಎಲ್ಲರದೂ ಹೊಲಿಯದ ಬಟ್ಟೆಯೇ. ಭೇದವಿದ್ದುದು ಎಷ್ಟು ಬಟ್ಟೆ, ಹೇಗೆ ಉಟ್ಟರು ಎಂಬುದರಲ್ಲಿ.

ಬೇರೆ ಬೇರೆ ಮೂಲಗಳಿಂದ ಬಂದ ಈ ಎರಡು ಶಬ್ದಗಳೂ, ಉತ್ತರದಲ್ಲಿ ಒಂದು ದಕ್ಷಿಣದಲ್ಲಿ ಒಂದು, ಎಲ್ಲರ ಬಟ್ಟೆಯಿಂದ ಹೆಂಗಸರ ಬಟ್ಟೆಗೆ ಏಕೆ ಕಿರಿದಾದುವು? ನನಗೆ ತೋರುವ ಕಾರಣವಿದು. ಗಂಡಸರು ಅಂಗಿ, ನಿಲುವಂಗಿ, ಇಜಾರ ಮುಂತಾದ ಹೊಲಿದ ಬಟ್ಟೆಗಳನ್ನು ತೊಡತೊಡಗಿದರು. ಅವರಲ್ಲಿ ಉಳಿದ ಹೊಲಿಯದ ಬಟ್ಟೆಗೂ ಉಪಯೋಗದಂತೆ ಬೇರೆ ಬೇರೆ ಹೆಸರುಗಳಾದುವು: ಸೊಂಟಕ್ಕೆ ಧೋತ್ರ, ಪಂಚೆ, ಹೆಗಲಿಗೆ ಶಲ್ಯ, ತಲೆಗೆ ರುಮಾಲು, ಪೇಟ. ಹೀಗೆ ಗಂಡಸಿನ ಬಟ್ಟೆ ಹರಿದು ಹಂಚಿಹೋಯಿತು. ಹದಿನಾರು, ಹದಿನೆಂಟು ಮೊಳದ ಒಂದೇ ಬಟ್ಟೆಯನ್ನು ಸೊಂಟಕ್ಕೂ ಎದೆಗೂ ಹೆಗಲಿಗೂ ತಲೆಗೂ ಸಾಕಾಗುವಂತೆ ಉಡುವ ಕೌಶಲವನ್ನು ಉಳಿಸಿಕೊಂಡವರು ಹೆಂಗಸರು. ವಸ್ತುವನ್ನು ಯಾರು ಇಡಿಯಾಗಿ ಉಳಿಸಿಕೊಂಡರೋ ಅವರ ಬಳಿಯಲ್ಲಿ ಹಳೆಯ ಸಾಮಾನ್ಯನಾಮವೂ ಉಳಿದುಕೊಂಡಿತು. ಸೀರೆಯ ಅರ್ಥವು ಕಿರಿದಾಯಿತೆಂದು ವ್ಯಾಕರಣದವರು ಹೇಳಬಹುದು. ಅದು ನಿಜವಾದ ಒಡೆಯರಲ್ಲಿ ನಿಂತಿತೆಂದು ಹೇಳುವುದೂ ಅಷ್ಟೇ ಸರಿ.

೭

ಇಷ್ಟರಿಂದ ಪ್ರಯೋಜನವೇನು? ಅಂಗಡಿಯವನು ಸ್ಯಾರಿಯೆಂದರೇನು, ಸೀರೆಯೆಂದರೇನು, ಬೆಲೆಯಲ್ಲಿ ಭೇದವಿಲ್ಲವಷ್ಟೆ ಎಂದು ಕೇಳುವವರುಂಟು. ಹೆಸರಿನ ವಿಷಯದಲ್ಲಿ ನನಗೆ ಅತಿಯಾದ ಭಯವಿಲ್ಲ. ಪರಭಾಷೆಯ ಶಬ್ದಗಳನ್ನು ಪಡೆಯದ ಭಾಷೆಯಿಲ್ಲ. ರುಮಾಲು, ಇಜಾರಗಳೂ ಬಂದ ಮಾತುಗಳೇ. ನನ್ನ ಭಯವು ನಾಮದ ವಿಷಯದಲ್ಲಿಲ್ಲ, ಕ್ರಿಯಾಪದದ ವಿಷಯದಲ್ಲಿ ಇದೆ.

ಮೈಮೇಲೆ ಧರಿಸುವುದಕ್ಕೆ ಕನ್ನಡದಲ್ಲಿ ಒಂದೇ ಮಾತಿಲ್ಲ. ಸೊಂಟಕ್ಕೆ ಸುತ್ತಿ ನಿಲ್ಲಿಸುವುದನ್ನು ಉಡುವೆವು: ಸೀರೆ, ಧೋತ್ರ, ಪಂಚೆ. ಕೈಕಾಲು ತೂರಿಸಿ ಹಾಕುವುದನ್ನು ತೊಡುವೆವು: ಅಂಗಿ, ಕುಪ್ಪಸ, ಬಳೆ. ಮೇಲೆ ಹರಡಿಕೊಳ್ಳುವುದನ್ನು ಹೊದೆಯುವೆವು: ಶಾಲು, ಕಂಬಳಿ, ಸೆರಗು. ತಲೆಗೆ ರುಮಾಲನ್ನು ಸುತ್ತುವೆವು; ಹೂವನ್ನು ಮುಡಿಯುವೆವು; ಕುಂಕುಮವನ್ನು ಇಡುವೆವು. ‘ಉಡುಗೆ ತೊಡುಗೆ’ ಎಂಬ ಜೋಡಿಮಾತಿನಲ್ಲಿ ಹೊಲಿಯದ ಬಟ್ಟೆಯೂ ಹೊಲಿದ ಬಟ್ಟೆಯೂ ಎರಡೂ ಲೆಕ್ಕಕ್ಕೆ ಬಂದಿವೆ. ಇಷ್ಟು ಸೂಕ್ಷ್ಮವಾದ ವಿಭಾಗವು ಸಂಸ್ಕೃತದಲ್ಲಿಯೂ ನನಗೆ ಕಾಣದು. ಅಲ್ಲಿ ಧಾರಣ, ಪರಿಧಾನಗಳಿಂದ ಬಹಳ ಕೆಲಸ ನಡೆದುಹೋಗುವುದು.

ಈ ‘ಉಡು’ ಎಂಬ ಒಂದು ಧಾತುವಿನ ಸಂತಾನವನ್ನು ನೋಡಿರಿ. ಉಡುಗೆ, ಉಡುಪು, ಉಡುದಾರ. ಉಡುಗೊರೆಯೆಂದರೆ ಮೊದಲಿಗೆ ಬಟ್ಟೆಯ ಕಾಣಿಕೆ. ಇಂದು ಎಲ್ಲ ಬಗೆಯ ಕಾಣಿಕೆಗೂ ಅದೇ ಹೆಸರು. ಅದರ ಮಗ್ಗುಲಲ್ಲಿಯೇ ‘ಉಡಿ’ ಇದೆ; ಸೀರೆಯ ಮಡಿಕೆಯಲ್ಲಿ ಸೊಂಟದ ಬಳಿ ಆಗುವ ಚೀಲ. ಬೆಳೆದ ಮಗಳು ತವರಿನಿಂದ ಹೊರಡುವಾಗ ಅಕ್ಕಿ, ತೆಂಗಿನಕಾಯಿ, ಎಲೆ ಅಡಕೆಗಳನ್ನು ಅದರಲ್ಲಿಟ್ಟು ಉಡಿ ತುಂಬುವರು. ಮೈಸೂರಿನ ಕಡೆಯವರು ಇದನ್ನೇ ಮಡಿಲು ತುಂಬುವುದೆನ್ನುವರು. ಆ ಮಡಿಲೂ ಮಡಿಸುವುದೆಂಬ ಧಾತುವಿಗೆ ಸೇರಿದುದೇ. ಮನುಷ್ಯನ ಸುಖವನ್ನೆಲ್ಲ ಸಂಗ್ರಹಿಸಿ ಹೇಳಬೇಕಾದಾಗ ನಮ್ಮ ಹಿರಿಯರು “ಉಂಡುಟ್ಟು ಸುಖವಾಗಿರು” ಎಂದು ಹರಸುವರು. ಉಣ್ಣುವುದರ ಜೊತೆಗೆ ನಿಂತಿರುವುದು ಉಡುವುದು.

ಈಗ ನಮ್ಮ ಮನೆಗಳಲ್ಲಿ ಕಿವಿಗೊಟ್ಟು ಕೇಳಿದರೆ, ಅಂಗಿಯನ್ನೂ ಹಾಕಿಕೊಳ್ಳುವರು, ಬಳೆಯನ್ನೂ ಹಾಕಿಕೊಳ್ಳುವರು, ಕಂಬಳಿಯನ್ನೂ ಹಾಕಿಕೊಳ್ಳುವರು. ಸೀರೆಯನ್ನೂ ‘ಹಾಕಿಕೊಂಡೆ’ ಎನ್ನುವ ಮಾತು ಓದಿದವರ ಬಾಯಿಂದಲೇ ಕೇಳಿಬರುತ್ತಿದೆ. ಹಾಕುವುದೆಂಬ ಒಂದು ಮಾತು ಆರು ಮಾತುಗಳ ಕೆಲಸವನ್ನು ನುಂಗಿದೆ. ಇದಕ್ಕೆ ಮಕ್ಕಳನ್ನು ಬೈದು ಫಲವಿಲ್ಲ. ವಸ್ತುವು ಅಪರೂಪವಾದರೆ ಅದರ ಮಾತೂ ಅಪರೂಪವಾಗುವುದು. ದಿನವೂ ಸೀರೆಯುಡುವವರು ಕಡಮೆಯಾಗಿರುವರು, ಪಂಚೆಯುಡುವವರು ಅದಕ್ಕಿಂತಲೂ ಕಡಮೆ. ಅವರವರ ಅನುಕೂಲದಂತೆ ಬಟ್ಟೆ ಧರಿಸುವುದು ಅವರವರ ಸ್ವಾತಂತ್ರ್ಯ. ಶಬ್ದವನ್ನು ಉಳಿಸುವುದಕ್ಕಾಗಿ ಹದಿನೆಂಟು ಮೊಳವನ್ನು ಸುತ್ತಿಕೊಳ್ಳಿರೆಂದು ಯಾರಿಗಾದರೂ ಹೇಳುವ ಅಧಿಕಾರವು ವ್ಯಾಕರಣಕ್ಕಿಲ್ಲ. ಆದರೆ ವರ್ಷಕ್ಕೊಮ್ಮೆ ಉಟ್ಟಾಗಲಾದರೂ ‘ಉಟ್ಟೆ’ ಎನ್ನಬಹುದಲ್ಲ! ಅದಕ್ಕೆ ಖರ್ಚೂ ಇಲ್ಲ, ಶ್ರಮವೂ ಇಲ್ಲ.

ಕಳೆದ ವರ್ಷ ನಮ್ಮ ಬಂಧುಗಳ ಮನೆಯ ಮದುವೆಯಲ್ಲಿ ಒಂದು ಪ್ರಸಂಗ ನಡೆಯಿತು. ದೂರದೂರಿನಲ್ಲಿ ಓದಿ ಉದ್ಯೋಗದಲ್ಲಿರುವ ಮದುವಣಗಿತ್ತಿಯು ಮುಹೂರ್ತಕ್ಕೆ ಮೊದಲು ಸೀರೆಯ ಒಂದು ತುದಿಯನ್ನು ಹೆಗಲ ಮೇಲೆ ಹಾಕಿಕೊಂಡು, ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು, ಮುಂದೇನೆಂದು ತೋಚದೆ ನಿಂತಿದ್ದಳಂತೆ. ಆಕೆಯ ಅಜ್ಜಿಯು ಬಂದು ನೆರಿಗೆ ಹಿಡಿದು, ಸೆರಗು ಹೊದಿಸಿ, “ಉಡಿಸಿದ್ದಾಯಿತು, ಏಳವ್ವ” ಎಂದಳಂತೆ. ಒಳಗಿನವರು ಇದನ್ನು ನಗುತ್ತ ಬಂದು ಹೇಳಿದಾಗ ನನಗೆ ನೆನಪಾದುದು ವಾಲ್ಮೀಕಿಯ ಸೀತೆ. ಅಂದು ಆಕೆಯೂ ಹೀಗೆಯೇ ನಿಂತಿದ್ದಳು. ಕೈಯಲ್ಲಿದ್ದುದೂ ಇದೇ ಹೆಸರಿನ ಬಟ್ಟೆ. ಉಡಲು ಬಾರದಿರುವುದು ನಾಚಿಕೆಯ ವಿಷಯವಲ್ಲ, ಉಡಿಸುವವರೊಬ್ಬರು ಬಳಿಯಲ್ಲಿದ್ದರೆ ಸಾಕು ಎಂದುಕೊಂಡೆನು. ಮಾತಿನ ವಿಷಯದಲ್ಲಿ ಆ ಕೆಲಸವು ಮನೆಯ ಹಿರಿಯರಿಗೂ ಉಪಾಧ್ಯಾಯರಿಗೂ ಸೇರಿದುದು. ಅದನ್ನು ಮಾಡಬೇಕಾದವನೇ ತಪ್ಪು ಹೇಳಿಕೊಟ್ಟು, ಕೇಳಿದವಳನ್ನು ಗದರಿಸಿ ಕೂರಿಸಿದರೆ ಆಗುವ ಹಾನಿಯನ್ನು ನಾನು ಬಲ್ಲೆನು.

ಆ ಹುಡುಗಿಯು ಈಗ ಎಲ್ಲಿರುವಳೋ ತಿಳಿಯದು, ಅವಳಿಗೂ ಮಕ್ಕಳಿರಬಹುದು. ಈ ಸಂಚಿಕೆಯು ಅವಳ ಮನೆಗೆ ತಲಪಿದರೆ ಇಷ್ಟನ್ನು ತಿಳಿಯಲಿ: ಅವಳ ಪ್ರಶ್ನೆ ಸರಿಯಾಗಿದ್ದಿತು. ಶಾಟೀ ಎಂಬುದು ಸೀರೆಯಾಗಲಾರದು. ಹಳೆಯ ಪುಸ್ತಕದಲ್ಲಿ ನಾನು ಬರೆಯಿಸಿದ್ದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಚೀರ’ ಎಂದು ಬರೆದುಕೊಳ್ಳಲಿ.